ಹೊಲಿಯುತ್ತೇನೆ, ಆದರೆ ಹಾಗೆ ಕಾಣುವುದಿಲ್ಲ

"ಅಕ್ಕಾ, ಈ ಹಾಡಿನಲ್ಲಿ ಇರುವಂಥದ್ದೇ ಬ್ಲೌಸ್ ಹೊಲಿದರೆ ನನಗೂ ಹಾಗೇ ಕಾಣುತ್ತದಲ್ಲವೇ?"

ಇಲ್ಲ. ಮೊಬೈಲಿನಲ್ಲಿ ಹಾಡು ನಿಲ್ಲಿಸಿ, ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿದರೂ ಇಲ್ಲ. ಬೆನ್ನಿಗೆ ದಾರ, ದಾರದ ತುದಿಗೆ ಗೊಂಡೆ, ಎಲ್ಲವನ್ನೂ ಹೊಲಿದುಕೊಡುತ್ತೇನೆ. ಆ ನಟಿಗೆ ಪಿನ್ನು ಹಾಕಿ ಸರಿಮಾಡಲು ಜನರಿದ್ದಾರೆ, ಕೂದಲು ಹಾರಿಸಲು ಫ್ಯಾನ್ ಇದೆ. ವಿರಾಜಪೇಟೆಯ ಕಲ್ಯಾಣ ಮಂಟಪದಲ್ಲಿ ನಿಮಗೆ ಗಾಳಿ ಬೀಸುವವರು ಯಾರು?

ಹಾಡಿನ ಬಟ್ಟೆಗೆ ಬಲವಿಲ್ಲ ಎನ್ನುವವಳಲ್ಲ ನಾನು; ಹಾಡು ಹಾಕಿಕೊಂಡೇ ಮಿಷನ್ ತುಳಿಯುವುದು. 1955ರ ಹಿಂದಿ ಚಿತ್ರ 'ಶ್ರೀ 420'ರಲ್ಲಿ ರಾಜ್ ಕಪೂರ್ ಜಪಾನಿನ ಬೂಟು, ಇಂಗ್ಲಿಷ್ ಪ್ಯಾಂಟು, ರಷ್ಯದ ಕೆಂಪು ಟೋಪಿ ಎಂದು ಮುಕೇಶ್ ದನಿಯಲ್ಲಿ ಹಾಡುತ್ತಾ ಹೋಗುತ್ತಾನೆ. ಬೂಟು ಹರಿದಿದೆ, ನಡಿಗೆ ಮಾತ್ರ ದೊರೆಯದು. ಅಮೆರಿಕದ ಗಾಯಕ ಕಾರ್ಲ್ ಪರ್ಕಿನ್ಸ್ ಬರೆದು, 1956ರಲ್ಲಿ ಎಲ್ವಿಸ್ ಪ್ರೀಸ್ಲಿಯೂ ಹಾಡಿದ ನೀಲಿ ಬೂಟಿನ ಹಾಡಿನವನು ಮನೆ ಸುಟ್ಟರೂ ಸರಿ, ಕಾರು ಕದ್ದರೂ ಸರಿ, ಬೂಟು ತುಳಿಯಬೇಡ ಎನ್ನುತ್ತಾನೆ. ಅಂಥ ಹಟದ ಗಿರಾಕಿ ಬಂದರೆ ಕೂಲಿಯನ್ನೇ ಬಿಟ್ಟುಕೊಟ್ಟೇನು. ಹೇಗೆ ಕಾಣುತ್ತೇನೆ ಎಂದು ಇಬ್ಬರೂ ಯಾರನ್ನೂ ಕೇಳುವುದಿಲ್ಲ.

ಮೊನ್ನೆ ಮದುವೆಯ ಸೀಸನ್ನಿನಲ್ಲಿ ಒಬ್ಬಳು ಬೇರೆಡೆ ಹೊಲಿಸಿದ ಬ್ಲೌಸ್ ತೊಟ್ಟೇ ಬಂದಳು. ಹಾಡಿನದ್ದೇ ನಕಲು. "ಕೈ ಎತ್ತಮ್ಮ" ಎಂದೆ. ಎತ್ತಿದಳು, ಬ್ಲೌಸಿನ ಅಂಚು ಎದೆಯವರೆಗೂ ಏರಿತು. ಪಕ್ಕದಲ್ಲಿದ್ದ ತಾಯಿ ಕಿಟಕಿಯ ಕಡೆ ನೋಡಿದರು. ಕಂಕುಳನ್ನು ಕೆಳಗಿಳಿಸಿ ಕತ್ತರಿಸಿದರೆ ಹೀಗೇ, ತೋಳಿನ ಜೊತೆ ಇಡೀ ಬ್ಲೌಸ್ ಹೊರಡುತ್ತದೆ. ಕಂಕುಳಿನ ಕಟಿಂಗ್ ಮೇಲಿರಬೇಕು, ತೋಳು ತುಸು ಅಗಲವಿರಬೇಕು. ಅದರ ಮೇಲೆ ನಮ್ಮ ಕೊಡವ ಸೀರೆ: ನೆರಿಗೆ ಹಿಂದೆ, ಸೆರಗಿನ ಎಳೆತವೆಲ್ಲ ಬಲಭುಜದ ಪಿನ್ನಿಗೆ. ಕೊಡಗಿನ ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಕೊಡವ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತು ಎಂದು ಕಥೆಯಿದೆ. ನದಿಯೇ ಉಡಿಸಿದ ಸೀರೆಗೆ ಕೈ ಎತ್ತಲಾಗದ ಬ್ಲೌಸ್ ಹೊಲಿದು ನಾನು ಹೆಸರು ಕೆಡಿಸಿಕೊಳ್ಳಲೇ?

"ಇದನ್ನು ತೊಟ್ಟು ವಾಲಗಕ್ಕೆ ಕುಣಿಯಬಹುದೇ ಅಕ್ಕಾ?" ಎಂದು ಯಾರಾದರೂ ಕೇಳಲಿ. ಕುಣಿಯಬಹುದು, ಊಟವಾದ ಮೇಲೂ ಕುಣಿಯಬಹುದು. ಹಾಗೆ ಕೇಳಿದವರಿಗೆ ಮುಂದೆ ಬಿಡಿಸಿಕೊಳ್ಳಲು ಒಳಗೆ ಎರಡು ಬೆರಳು ಬಟ್ಟೆ ಹೆಚ್ಚೇ ಬಿಡುತ್ತೇನೆ. ಗೊಂಡೆಗೆ ಮಾತ್ರ ದುಡ್ಡು ಬೇರೆ.