ಕಾಕಟೀಲ್ ಜೋಡಿಗೆ ಬೇರೆ ಬೆಡ್‌ರೂಮು: ಇಲ್ಲಿವರೆಗೆ ಆಗಿರೋ ಕೆಲಸ

ಜೂನ್

ಪ್ರಾಜೆಕ್ಟ್ ಏನಪ್ಪಾ ಅಂದ್ರೆ ನಮ್ಮನೆ ಎರಡು ಕಾಕಟೀಲ್‌ಗಳಿಗೆ (ತಲೆ ಮೇಲೆ ಜುಟ್ಟಿರೋ ಚಿಕ್ಕ ಗಿಣಿ ಜಾತಿ) ರಾತ್ರಿ ಸರಿಯಾಗಿ ನಿದ್ದೆ ಸಿಗೋ ಹಾಗೆ ಮಾಡೋದು. ಗಂಡು ಬೂದು ಬಣ್ಣದ್ದು, ಭೀಮ. ಹೆಣ್ಣು ಲುಟಿನೋ ಅನ್ನೋ ಬಣ್ಣದ್ದು, ಮೈಯೆಲ್ಲ ಬಿಳಿ ಹಳದಿ, ಅದಕ್ಕೇ ನಿಂಬೆ ಅಂತ ಹೆಸರು. (ಪಕ್ಕದ್ಮನೆ ಅಂಕಲ್ ಬಂದಾಗೆಲ್ಲ "ಗಿಣಿ ಸಾಕಂಗಿಲ್ವಲ್ಲಪ್ಪ" ಅಂತಾರೆ. ನಿಜ, ನಮ್ಮ ತೆಂಗಿನ ಮರದ ಮೇಲೆ ಕೂರೋ ಹಸಿರು ಗಿಣಿನ ಪಂಜರದಲ್ಲಿ ಇಟ್ಕೊಳೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಇವು ಆಸ್ಟ್ರೇಲಿಯಾ ಜಾತಿ, ಇಲ್ಲೇ ಪಂಜರದಲ್ಲಿ ಮರಿಯಾಗಿ ಬೆಳೆದವು, ಆ ಲೆಕ್ಕಕ್ಕೆ ಬರಲ್ಲ.)

ಈಗಿನ ಪರಿಸ್ಥಿತಿ: ಪಂಜರ ಹಾಲ್‌ನಲ್ಲಿ ಟಿವಿ ಪಕ್ಕ. ಅಮ್ಮನ ಸೀರಿಯಲ್ ಮುಗಿಯೋದು ಹತ್ತೂವರೆ, ಆಮೇಲೆ ಅಪ್ಪ ನ್ಯೂಸ್ ಹಾಕ್ತಾರೆ, ಲೈಟ್ ಆಫ್ ಆಗೋದು ಹನ್ನೊಂದು ದಾಟಿದ ಮೇಲೆ, ಬೆಳಗ್ಗೆ ಐದೂವರೆಗೆ ಹಾಲಿನೋನು ಬೆಲ್ ಮಾಡ್ತಾನೆ. ಅಂದ್ರೆ ಹಕ್ಕಿಗೆ ಸಿಗೋ ಕತ್ತಲು ಸುಮಾರು ಆರು ಗಂಟೆ ಅಷ್ಟೆ. ಅವಕ್ಕೆ ಬೇಕಾಗಿರೋದು ಹತ್ತರಿಂದ ಹನ್ನೆರಡು ಗಂಟೆ. ನಮ್ಮ ಮೈಸೂರಲ್ಲಿ ವರ್ಷಪೂರ್ತಿ ಹಗಲು ಹೆಚ್ಚುಕಮ್ಮಿ ಹನ್ನೊಂದೂವರೆಯಿಂದ ಹದಿಮೂರು ಗಂಟೆ ಒಳಗೇ ಇರತ್ತೆ, ಹಾಗಾಗಿ ಆಕಾಶ ನೋಡ್ಕೊಂಡು ಮಲಗಿದ್ರೆ ಯಾವ ತೊಂದರೆನೂ ಇಲ್ಲ, ತೊಂದರೆ ಇರೋದು ನಮ್ಮ ಟ್ಯೂಬ್‌ಲೈಟಲ್ಲಿ.

ಇದರ ಪರಿಣಾಮ ಕಾಣ್ತಾನೂ ಇದೆ. ಮಧ್ಯಾಹ್ನ ಭೀಮ ತೂಕಡಿಸ್ತಾನೆ, ಕೈ ಹಾಕಿದ್ರೆ ಕಚ್ಚಕ್ಕೆ ಬರ್ತಾನೆ. ನಿಂಬೆ ಅಂತೂ ಮೊಟ್ಟೆ ಮೇಲೆ ಮೊಟ್ಟೆ. ಹಗಲು ಉದ್ದ ಇದ್ದು ಊಟನೂ ಯಥೇಚ್ಛ ಇದ್ರೆ ಕಾಕಟೀಲ್ ಮೈಗೆ ಇದು ಮರಿ ಮಾಡೋ ಕಾಲ ಅನ್ಸತ್ತೆ. ಹಿಂಗೇ ಇಡ್ತಾ ಹೋದ್ರೆ ಮೈಯಲ್ಲಿರೋ ಕ್ಯಾಲ್ಸಿಯಂ ಖಾಲಿಯಾಗಿ ಮೊಟ್ಟೆ ಒಳಗೇ ಸಿಕ್ಕಾಕ್ಕೊಳೋ ಅಪಾಯ ಇದೆ. ಡಾಕ್ಟ್ರು ಹೇಳಿದ ಮೊದಲನೇ ಮಾತೇ ಬೆಳಕು ಕಡಿಮೆ ಮಾಡಿ ಅಂತ. ಇಟ್ಟ ಮೊಟ್ಟೆ ತಕ್ಷಣ ತೆಗೀಬೇಡಿ, ತೆಗೆದ್ರೆ ಇನ್ನಷ್ಟು ಇಡತ್ತೆ ಅಂತಾನೂ ಅಂದ್ರು. ಕ್ಯಾಲ್ಸಿಯಂ ಸಿಗ್ಲಿ ಅಂತ ಕಟಲ್ ಬೋನ್ (ಒಂದು ಸಮುದ್ರ ಜೀವಿಯ ಒಳಚಿಪ್ಪು) ಒಂದು ಸಿಕ್ಕಿಸಿದೀನಿ.

ಜೂನ್ ಕೊನೆ, ಜಾಗ ಹುಡುಕಾಟ

ದೊಡ್ಡ ಪಂಜರ ಹಾಲಲ್ಲೇ ಇರ್ಲಿ, ಹಗಲೆಲ್ಲ ಅಲ್ಲೇ ಆಡ್ಕೊಂಡಿರ್ತವೆ. ರಾತ್ರಿಗೆ ಮಾತ್ರ ಒಂದು ಚಿಕ್ಕ ಪಂಜರ ಬೇರೆ ರೂಮಲ್ಲಿ, ಸ್ಲೀಪ್ ಕೇಜ್ ಅಂತಾರಲ್ಲ ಅದು. ಯಾವ ರೂಮು ಅನ್ನೋದೇ ದೊಡ್ಡ ಚರ್ಚೆ ಆಯ್ತು. ಅಡುಗೆಮನೆ ಪಕ್ಕದ ಪ್ಯಾಸೇಜ್ ಬೇಡ, ಒಗ್ಗರಣೆ ಘಾಟು ಹೋಗ್ಲಿ, ನಾನ್‌ಸ್ಟಿಕ್ ತವಾ ಅತಿಯಾಗಿ ಕಾದ್ರೆ ಬರೋ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸತ್ತೇ ಹೋಗತ್ತೆ. ದೇವರ ಮನೆ ಎದುರು ಊದುಬತ್ತಿ, ಸಾಂಬ್ರಾಣಿ. ಬಾಲ್ಕನಿಗೆ ಬೆಕ್ಕು ಬರತ್ತೆ, ಇಲಿನೂ ಬರತ್ತೆ. ಉಳಿದಿದ್ದು ಸೂಟ್‌ಕೇಸು, ಹಳೇ ಹಾಸಿಗೆ ಎಲ್ಲ ತುಂಬಿರೋ ಮೂಲೆ ರೂಮು.

"ಹಕ್ಕಿಗೊಂದು ರೂಮಾ? ನಿಮ್ಮಪ್ಪ ಇಪ್ಪತ್ತು ವರ್ಷದಿಂದ ಪೇಪರ್ ಓದಕ್ಕೆ ಒಂದು ಮೂಲೆ ಕೊಡು ಅಂತಿದಾರೆ ಕಣೋ" ಅಂದ್ರು ಅಮ್ಮ. ಅಪ್ಪ ಪೇಪರ್ ಹಿಂದಿಂದ ಏನೂ ಹೇಳ್ಲಿಲ್ಲ.

ಇಸ್ತ್ರಿ ಪೆಟ್ಟಿಗೆ ಅಲ್ಲೇ ಇತ್ತು, ಅದನ್ನ ಹಾಲ್‌ಗೆ ಕಳಿಸಿದೆ, ಅದರ ತಳಕ್ಕೂ ಒಂದೊಂದ್ಸಲ ಅದೇ ನಾನ್‌ಸ್ಟಿಕ್ ಕೋಟಿಂಗ್ ಇರತ್ತೆ.

ಆಷಾಢ, ಪಂಜರ ರೆಡಿ

ಎರಡಡಿ ಅಗಲ, ಒಂದೂವರೆ ಅಡಿ ಆಳ, ಎರಡಡಿ ಎತ್ತರ, ಪೌಡರ್ ಕೋಟಿಂಗ್ ಇರೋದು, ಕಂಬಿ ಮಧ್ಯೆ ಅರ್ಧ ಇಂಚು ಗ್ಯಾಪು, ಅದಕ್ಕಿಂತ ಜಾಸ್ತಿ ಇದ್ರೆ ತಲೆ ತೂರಿಸ್ತವೆ. ವೆಲ್ಡಿಂಗ್ ಅಂಗಡಿಯೋರು ಜಿಐ ಮೆಶ್‌ನಲ್ಲಿ (ಸತು ಲೇಪ ಇರೋ ಕಬ್ಬಿಣದ ಜಾಲರಿ) ಅರ್ಧ ರೇಟಿಗೆ ಮಾಡ್ಕೊಡ್ತೀನಿ ಅಂದ್ರು, ಆದ್ರೆ ಅದರ ಮೇಲಿನ ಸತು ಕೊಕ್ಕಲ್ಲಿ ಕೆರ್ಕೊಂಡು ಹೊಟ್ಟೆಗೆ ಹೋದ್ರೆ ವಿಷ, ಬೇಡ ಅಂದೆ.

ಒಳಗೆ ಏನೇನು ಇಡಬೇಕು ಅನ್ನೋದಕ್ಕಿಂತ ಏನೇನು ಇಡಬಾರದು ಅನ್ನೋ ಪಟ್ಟಿನೇ ದೊಡ್ಡದು. ಗಂಟೆ ಇಲ್ಲ, ಉಯ್ಯಾಲೆ ಇಲ್ಲ, ಆಟದ ಸಾಮಾನು ಇಲ್ಲ, ಕತ್ತಲಲ್ಲಿ ಗಾಬರಿಯಾದ್ರೆ ಅವಕ್ಕೇ ಬಡ್ಕೊಳ್ತವೆ. ಪೆಟ್ ಶಾಪಲ್ಲಿ ಟೆಂಟ್ ಥರ ಇರೋ ಮೆತ್ತನೆ ಬಟ್ಟೆ ಗೂಡು ತೋರಿಸಿದ್ರು, ನೋಡಕ್ಕೆ ಮುದ್ದಾಗಿದೆ, ತಂಗಿ ತಗೋ ತಗೋ ಅಂದ್ಲು, ನಾನು ಮುಟ್ಲಿಲ್ಲ. ಆ ನೂಲು ಕಚ್ಚಿ ನುಂಗಿದ್ರೆ ಹೊಟ್ಟೆ ಕಟ್ಟತ್ತೆ, ಕಾಲಿಗೋ ಕತ್ತಿಗೋ ಸುತ್ಕೊಳೋದೂ ಇದೆ. ಅದಕ್ಕಿಂತ ಮುಖ್ಯ, ಕಾಕಟೀಲ್ ಕಾಡಲ್ಲಿ ಪೊಟರೆ ಒಳಗೆ ಹೋಗೋದೇ ಮೊಟ್ಟೆ ಇಡೋಕೆ, ಬರೀ ಮಲಗಕ್ಕೆ ಕೊಂಬೆ ಸಾಕು. ಮೊಟ್ಟೆ ನಿಲ್ಸಕ್ಕೆ ಹೊರಟಿರೋ ನಾನು ಬಾಣಂತಿ ಕೋಣೆ ಕಟ್ಟಿಕೊಟ್ಟಂಗೆ ಆಗತ್ತೆ.

ಕೂರೋಕೆ ಹಿತ್ತಲ ಸೀಬೆ ಗಿಡದ ಕೊಂಬೆ, ಔಷಧಿ ಹೊಡೀದೇ ಇರೋ ಗಿಡ. ತೊಳೆದು ಬಿಸಿಲಲ್ಲಿ ಒಣಗಿಸಿ ಹಾಕಿದೀನಿ. ಸಿಪ್ಪೆ ಹಾಗೇ ಬಿಟ್ಟೆ, ಕಿತ್ತು ಆಡಕ್ಕೆ ಅವಕ್ಕೆ ಇಷ್ಟ. ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇರೋದೇ ಒಳ್ಳೇದು, ಒಂದೇ ಸೈಜಿನ ನುಣುಪು ಕೋಲಲ್ಲಿ ರಾತ್ರಿಯೆಲ್ಲ ಕೂತ್ರೆ ಪಾದದಲ್ಲಿ ಒಂದೇ ಜಾಗಕ್ಕೆ ಒತ್ತಡ ಬಿದ್ದು ಹುಣ್ಣಾಗತ್ತೆ, ಮರಳು ಕಾಗದ ಸುತ್ತಿರೋದಂತೂ ಬೇಡವೇ ಬೇಡ. ಎರಡು ಕೊಂಬೆನೂ ಒಂದೇ ಎತ್ತರದಲ್ಲಿ ಕಟ್ಟಿದೀನಿ, ಯಾಕಂದ್ರೆ ಮೇಲಿಂದಕ್ಕೆ ಇಬ್ಬರೂ ಜಗಳ ಆಡ್ತಾರೆ.

ಶ್ರಾವಣ, ಹೊದಿಕೆ ಮತ್ತೆ ಸೊಳ್ಳೆ

ಹೊದಿಸೋಕೆ ಅಪ್ಪನ ಹಳೇ ಕಾಟನ್ ಪಂಚೆನ ಎರಡು ಮಡಿಕೆ ಮಾಡಿದೀನಿ. ಟವಲ್ ಬೇಡ, ಅದರ ನೂಲಿನ ಕುಣಿಕೆಗೆ ಉಗುರು ಸಿಕ್ಕಾಕ್ಕೊಳ್ಳತ್ತೆ. ಮೂರು ಕಡೆ ಮುಚ್ಚಿ ಮುಂದೆ ಸ್ವಲ್ಪ ಬಿಟ್ಟಿದೀನಿ, ಗಾಳಿನೂ ಆಡತ್ತೆ, ಹೊರಗೆ ಏನು ನಡೀತಿದೆ ಅಂತ ಅವಕ್ಕೆ ಒಂಚೂರು ಕಾಣ್ಲೂಬೇಕು.

ಯಾಕೆ ಅಂದ್ರೆ ನೈಟ್ ಫ್ರೈಟ್, ಅಂದ್ರೆ ಕತ್ತಲಲ್ಲಿ ಇದ್ದಕ್ಕಿದ್ದಂಗೆ ಗಾಬರಿಯಾಗಿ ಪಂಜರದ ಒಳಗೆಲ್ಲ ಬಡ್ಕೊಳೋದು. ಗಿಣಿ ಜಾತಿಯಲ್ಲಿ ಕಾಕಟೀಲ್ ಇದಕ್ಕೆ ಹೆಸರುವಾಸಿ, ಅದ್ರಲ್ಲೂ ಲುಟಿನೋಗೆ ಜಾಸ್ತಿ ಅಂತ ಸಾಕೋರೆಲ್ಲ ಹೇಳ್ತಾರೆ. ಹೊಸ ರೂಮಿಗೆ ಬಂದ ಶುರುವಲ್ಲೇ ಒಂದು ರಾತ್ರಿ ಎರಡು ಗಂಟೆಗೆ ಪಟಪಟಪಟ ಅಂತ ರೆಕ್ಕೆ ಬಡಿಯೋ ಸದ್ದು, ಓಡ್ಹೋಗಿ ನೋಡಿದ್ರೆ ನಿಂಬೆ ಪಂಜರದ ತಳದಲ್ಲಿ ಏದುಸಿರು ಬಿಡ್ತಿದಾಳೆ, ಕಂಬಿ ಮೇಲೆ ರಕ್ತ. ಬೆಳೀತಾ ಇರೋ ಹೊಸ ಗರಿ ಒಂದು ಮುರಿದಿತ್ತು, ಅದರೊಳಗೆ ರಕ್ತ ಓಡಾಡ್ತಿರತ್ತಲ್ಲ. ಕಾರಣ ಗೋಡೆ ಮೇಲೇ ಕೂತಿತ್ತು, ಹಲ್ಲಿ. ಮೊದಲು ಕೈ ಹಾಕ್ಲಿಲ್ಲ, ಸಣ್ಣ ಲೈಟ್ ಹಾಕಿ ಮೆಲ್ಲಗೆ ಮಾತಾಡ್ತಾ ನಿಂತೆ, ಸುಧಾರಿಸ್ಕೊಂಡ ಮೇಲೆ ಹಿಡಿದು ಗರಿ ಬುಡಕ್ಕೆ ಕಾರ್ನ್‌ಫ್ಲೋರ್ ಒತ್ತಿದೆ, ನಿಂತು ಹೋಯ್ತು. ನಿಲ್ಲದೇ ಇದ್ದಿದ್ರೆ ರಾತ್ರೋರಾತ್ರಿ ಡಾಕ್ಟ್ರನ್ನ ಎಬ್ಬಿಸಬೇಕಿತ್ತು.

ಆಮೇಲಿಂದ ಅರ್ಧ ವ್ಯಾಟಿನ ಕೆಂಪು ಝೀರೋ ಬಲ್ಬ್ ರೂಮಿನ ಆ ತುದೀಲಿ ಉರೀತಿರತ್ತೆ. ಕೊಂಬೆ ಎಲ್ಲಿದೆ ಅಂತ ಕಾಣೋಷ್ಟು ಮಾತ್ರ. ಪಂಜರನ ಗೋಡೆಯಿಂದ ಈಚೆಗೆ ಎಳೆದು ಸ್ಟ್ಯಾಂಡ್ ಮೇಲೆ ಇಟ್ಟಿದೀನಿ. ಅವತ್ತಿಂದ ಆ ಥರ ದೊಡ್ಡ ರಂಪ ಆಗಿಲ್ಲ.

ಸೊಳ್ಳೆದು ಇನ್ನೊಂದು ಕಥೆ. ಮಳೆಗಾಲ, ರೂಮ್ ಪಕ್ಕಾನೇ ಚರಂಡಿ. ಕಾಯಿಲ್ ಹಚ್ಚೋ ಹಾಗಿಲ್ಲ, ಹಕ್ಕಿ ಶ್ವಾಸಕೋಶ ನಮ್ಮದಕ್ಕಿಂತ ತುಂಬ ಚುರುಕು, ಗಾಳೀಲಿ ಇರೋದನ್ನೆಲ್ಲ ಎಳ್ಕೊಳ್ಳತ್ತೆ. ಪ್ಲಗ್‌ಗೆ ಹಾಕೋ ಲಿಕ್ವಿಡ್ಡೂ ಆ ರೂಮಲ್ಲಿ ಬಂದ್. ಕಿಟಕಿಗೆ ನೆಟ್ ಹೊಡೆಸಿ, ಸ್ಟ್ಯಾಂಡ್ ಮೇಲಿಂದ ನಾನು ಹಾಸ್ಟೆಲಲ್ಲಿ ಇಟ್ಕೊಂಡಿದ್ದ ಸಿಂಗಲ್ ಸೊಳ್ಳೆ ಪರದೆನೇ ಇಳಿಬಿಟ್ಟಿದೀನಿ, ಕೊಕ್ಕಿಗೆ ಸಿಗದೇ ಇರೋಷ್ಟು ದೂರದಲ್ಲಿ. ರಾಜಕುಮಾರಿ ಮಂಚ ನೋಡು ಅಂತ ತಂಗಿ ನಗ್ತಾಳೆ.

ದಸರಾ

ಈಗ ಟೈಮ್ ಸೆಟ್ ಆಗಿದೆ. ಸಂಜೆ ಏಳಕ್ಕೆ ಕೈ ಮೇಲೆ ಕೂರಿಸ್ಕೊಂಡು "ಮಲ್ಕೋಳಣ ಬಾ" ಅಂತ ರೂಮಿಗೆ ಕರ್ಕೊಂಡು ಹೋಗೋದು, ಬೆಳಗ್ಗೆ ಆರೂವರೆಗೆ ಪಂಚೆ ತೆಗಿಯೋದು. ಭೀಮ ಕೂತು ಕರಕರ ಅಂತ ಕೊಕ್ಕು ಮಸೀತಾನೆ, ಅದು ನೆಮ್ಮದಿ ಲಕ್ಷಣ, ಆಮೇಲೆ ಒಂದು ಕಾಲು ಮಡಚಿ ತಲೆ ಹಿಂದಕ್ಕೆ ತಿರುಗಿಸಿ ಬೆನ್ನಿನ ಗರಿ ಒಳಗೆ ಹುದುಗಿಸ್ಕೊಳ್ತಾನೆ. ಕಚ್ಚೋದು ಗಣನೀಯವಾಗಿ ಕಮ್ಮಿ ಆಗಿದೆ. ನಿಂಬೆ ಹೋದ ಸಲದ ಮೊಟ್ಟೆಗಳ ಮೇಲೆ ಕೂತು ಬೇಜಾರಾಗಿ ತಾನೇ ಎದ್ದು ಬಂದ್ಲು, ಆಮೇಲೆ ಹೊಸದು ಇಟ್ಟಿಲ್ಲ. ಅದು ಕತ್ತಲಿಂದಾನಾ ಅಥವಾ ನಾನು ಸೂರ್ಯಕಾಂತಿ ಬೀಜ ಕಡಿಮೆ ಮಾಡಿದ್ದಕ್ಕಾ ಬೇರೆ ಮಾಡಿ ಹೇಳಕ್ಕಾಗಲ್ಲ, ಎರಡನ್ನೂ ಒಟ್ಟಿಗೇ ಶುರು ಮಾಡಿದ್ದೆ.

ಅಷ್ಟರಲ್ಲಿ ದಸರಾಗೆ ಅಂತ ದಾವಣಗೆರೆಯಿಂದ ದೊಡ್ಡಮ್ಮನ ಮನೆಯೋರೆಲ್ಲ ಬಂದ್ರು. ಮೈಸೂರಲ್ಲಿ ಮನೆ ಇದ್ದ ಮೇಲೆ ಇದು ತಪ್ಪಲ್ಲ. ಮೂಲೆ ರೂಮು ಅವರಿಗೆ, ಪಂಜರ ಅಪ್ಪ ಅಮ್ಮನ ರೂಮಿಗೆ. ಅಮ್ಮನೇ ಏಳೂಕಾಲಿಗೆ "ಟಿವಿ ಸೌಂಡ್ ಕಮ್ಮಿ ಮಾಡ್ರೇ, ಒಳಗೆ ಮಕ್ಕಳು ಮಲಗಿದಾವೆ" ಅಂತ ದೊಡ್ಡಮ್ಮಂಗೆ ಹೇಳಿದ್ದು ಕೇಳಿ ನಾನು ಮತ್ತೆ ತಂಗಿ ಮುಖ ಮುಖ ನೋಡ್ಕೊಂಡ್ವಿ. ಚಿಕ್ಕ ಪಂಜರದ ಲಾಭ ಇದೇ, ಅದೇ ಕೊಂಬೆ, ಅದೇ ಪಂಚೆ, ಅದೇ ಕೆಂಪು ಬಲ್ಬು ಇದ್ರೆ ರೂಮ್ ಬದಲಾದ್ರೂ ಅವು ತಲೆ ಕೆಡಿಸ್ಕೊಳ್ಲಿಲ್ಲ. ಅಪ್ಪನ ಗೊರಕೆಗೂ ಹೊಂದ್ಕೊಂಡ್ವು.

ಮುಂದೆ

ದೀಪಾವಳಿ ಪಟಾಕಿ. ಕಿಟಕಿ ಮುಚ್ಚಿ ಅದಕ್ಕೆ ಹಳೇ ಹತ್ತಿ ಹಾಸಿಗೆ ಒರಗಿಸೋದು, ಟೇಬಲ್ ಫ್ಯಾನ್‌ನ ಗೋಡೆ ಕಡೆ ತಿರುಗಿಸಿ ಒಂದೇ ಸಮ ಸದ್ದು ಬರೋ ಹಾಗೆ ಬಿಡೋದು, ಆ ಮೂರು ರಾತ್ರಿ ನಾನು ಅದೇ ರೂಮಲ್ಲಿ ಮಲಗೋದು. ಡಿಸೆಂಬರ್ ಚಳಿಗೆ ಪಂಚೆ ಬದಲು ದಪ್ಪ ಬೆಡ್‌ಶೀಟ್. ಎಲ್ಲದಕ್ಕಿಂತ ಅರ್ಜೆಂಟ್ ಏನಂದ್ರೆ ಆ ರೂಮಿನ ಪ್ಲಗ್‌ಗೆ ಯುಪಿಎಸ್ ಕನೆಕ್ಷನ್ ಇಲ್ಲ, ಕರೆಂಟ್ ಹೋದ್ರೆ ಝೀರೋ ಬಲ್ಬೂ ಹೋಗತ್ತೆ. ಎಲೆಕ್ಟ್ರಿಷಿಯನ್ ಭಾನುವಾರ ಬರ್ತೀನಿ ಅಂದಿದಾರೆ, ಯಾವ ಭಾನುವಾರ ಅಂತ ಹೇಳಿಲ್ಲ, ಅಲ್ಲಿವರೆಗೆ ಚಾರ್ಜ್ ಆಗೋ ಚಿಕ್ಕ ಎಲ್‌ಇಡಿ ಒಂದನ್ನ ಕೆಂಪು ಜಿಲೇಟಿನ್ ಪೇಪರ್ ಸುತ್ತಿ ಇಟ್ಟಿದೀನಿ.