ಓಲೇವ್‌ಗೆ ಗೈಡ್ಸ್ ಚುಕ್ಕಾಣಿ ಸಿಕ್ಕಿದ್ದು ಗಂಡನ ಹೆಸರಿನಿಂದಲೇ?

ಹುಡುಗಿಯರ ಸ್ಕೌಟ್ ಮಾದರಿಯ ಚಳವಳಿಯಾದ ಗೈಡ್ಸ್‌ನ ಚರಿತ್ರೆಯ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ: ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್‌ರ ಹೆಂಡತಿ ಅನ್ನುವ ಕಾರಣಕ್ಕೇ ಓಲೇವ್ ಮುಖ್ಯಸ್ಥೆ ಆದರಾ?

ಹೆಸರಿನ ಬಲ ಇದ್ದೇ ಇತ್ತು. ಆದರೆ 1914ರಲ್ಲಿ ಅವರಾಗಿಯೇ ಮುಂದೆ ಬಂದು ಕೆಲಸ ಮಾಡುತ್ತೇನೆ ಅಂದಾಗ ಗೈಡ್ಸ್ ಕೇಂದ್ರ ಕಚೇರಿ ಬೇಡ ಅಂದಿತ್ತು. ಆಗ ಅಧ್ಯಕ್ಷೆಯಾಗಿದ್ದವರು ಓಲೇವ್‌ಗಿಂತ 30 ವರ್ಷ ಹಿರಿಯರಾದ ನಾದಿನಿ ಆಗ್ನೆಸ್. ಬರೀ ಸಂಬಂಧದಿಂದ ಆಗುವುದಾಗಿದ್ದರೆ ಅಂದೇ ಆಗಬೇಕಿತ್ತು.

ನನ್ನ ಪ್ರಕಾರ ಉತ್ತರ ಇರುವುದು ಇಂಗ್ಲೆಂಡಿನ ಸಸೆಕ್ಸ್ ಕೌಂಟಿಯಲ್ಲಿ. ದಂಪತಿ ಆಗ ಅಲ್ಲಿನ ಯೂಹರ್ಸ್ಟ್ ಹಳ್ಳಿಯಲ್ಲಿದ್ದರು. 1916ರ ಮಾರ್ಚ್‌ನಲ್ಲಿ, 27ನೇ ವಯಸ್ಸಿನಲ್ಲಿ, ಓಲೇವ್ ಸಸೆಕ್ಸ್‌ನ ಕೌಂಟಿ ಕಮಿಷನರ್, ಅಂದರೆ ಆ ಕೌಂಟಿಯ ಗೈಡ್ಸ್ ಮುಖ್ಯಸ್ಥೆ, ಆದರು.

ಗೈಡ್ಸ್‌ನ ದೊಡ್ಡ ಕೊರತೆ ಹುಡುಗಿಯರದ್ದಲ್ಲ, ನಡೆಸುವವರದ್ದು. ಆರರಿಂದ ಎಂಟು ಹುಡುಗಿಯರದ್ದು ಪ್ಯಾಟ್ರೋಲ್ ಅನ್ನುವ ಒಂದು ಪುಟ್ಟ ತಂಡ. ಇಂಥ ಕೆಲವು ಪ್ಯಾಟ್ರೋಲ್ ಸೇರಿದರೆ ಕಂಪನಿ, ಅದಕ್ಕೊಬ್ಬ ಕ್ಯಾಪ್ಟನ್. ಆಕೆ ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಊರು ಬಿಟ್ಟರೆ, ಬದಲಿಯನ್ನು ಹುಡುಕುವ ಹೊಣೆ ಯಾರದ್ದೂ ಅಲ್ಲದಿದ್ದಾಗ ಕಂಪನಿ ಅಲ್ಲಿಗೇ ಮುಗಿಯಿತು. ಆ ಹೊಣೆ ಹೊರುವವರೇ ಡಿಸ್ಟ್ರಿಕ್ಟ್ ಕಮಿಷನರ್. ಅವರ ಮೇಲೆ ಡಿವಿಷನ್, ಅದರ ಮೇಲೆ ಕೌಂಟಿ. ಒಂದೊಂದು ಪ್ರದೇಶಕ್ಕೂ ಇಂಥ ಹೆಂಗಸರನ್ನು ಹುಡುಕಿ ಒಪ್ಪಿಸುವುದೇ ಓಲೇವ್ ಹಿಡಿದ ಕೆಲಸ. ಕಣ್ಣಿಗೆ ಬೀಳುವ ಕೆಲಸವಲ್ಲ ಇದು. ಚಳವಳಿ ಉಳಿದದ್ದು ಮಾತ್ರ ಇದರಿಂದಲೇ.

ಮನೆಯವರ ಒಪ್ಪಿಗೆಯೂ ಸುಲಭವಿರಲಿಲ್ಲ. ಹುಡುಗಿಯರು ಗಂಡುಬೀರಿಗಳಾಗುತ್ತಾರೆ ಅನ್ನುವ ಆತಂಕ ಮೊದಲಿನಿಂದಲೂ ಇತ್ತು. ಹುಡುಗರ ಪ್ಯಾಟ್ರೋಲ್‌ಗಳಿಗೆ ಪ್ರಾಣಿಗಳ ಹೆಸರಿದ್ದರೆ ಇವರದ್ದಕ್ಕೆ ಹೂಗಳ ಹೆಸರು ಬಂದದ್ದಕ್ಕೂ ಅದೇ ಕಾರಣ. ಕಲಿಕೆ ಮಾತ್ರ ಗಟ್ಟಿಯಾಗಿತ್ತು. ಹೊಸಬರ ಪರೀಕ್ಷೆಯಲ್ಲೇ ಗಂಟು ಹಾಕಿ ತೋರಿಸಬೇಕು. ರೀಫ್ ಗಂಟನ್ನೇ ನೋಡಿ: ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಸುತ್ತಿದರೆ ಗಂಟು ಓರೆಯಾಗಿ ಕೂರುತ್ತದೆ, ಎಳೆದರೆ ಜಾರುತ್ತದೆ. ಸರಿಯಾಗಿ ಹಾಕಿದ್ದು ಚಪ್ಪಟೆಯಾಗಿರುತ್ತದೆ, ಗಾಯದ ಪಟ್ಟಿ ಕಟ್ಟಿದಾಗ ಮೈಗೆ ಒತ್ತುವುದಿಲ್ಲ. ನಮ್ಮಲ್ಲಿ ಬುಲ್‌ಬುಲ್ ಅನ್ನಿಸಿಕೊಳ್ಳುವ ವಯಸ್ಸಿನ ಚಿಕ್ಕವರಿಗೆ ಅಲ್ಲಿ 1914ರಲ್ಲಿ ರೋಸ್‌ಬಡ್ ಅಂತ ಹೆಸರಿಟ್ಟರು, ಮರುವರ್ಷವೇ ಅದು ಬ್ರೌನಿ ಆಯಿತು.

1916ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಮ್ಯಾಟ್‌ಲಾಕ್ ಊರಲ್ಲಿ ಕೌಂಟಿ ಕಮಿಷನರ್‌ಗಳ ಸಮ್ಮೇಳನ ನಡೆಯಿತು. ಓಲೇವ್ ಚೀಫ್ ಕಮಿಷನರ್ ಆದದ್ದು ಅಲ್ಲಿ. ಕೌಂಟಿ ನಡೆಸುವುದು ಎಷ್ಟು ಕಷ್ಟ ಅಂತ ಗೊತ್ತಿದ್ದ ಹೆಂಗಸರ ನಡುವೆ. 1918ರಲ್ಲಿ ಚೀಫ್ ಗೈಡ್ ಪದವಿ ಬಂತು.

ಹಾಗಂತ ಆಗ್ನೆಸ್‌ರನ್ನು ಬದಿಗಿಡುವುದು ಅನ್ಯಾಯ. 1912ರ ಮೊದಲ ಗೈಡ್ಸ್ ಕೈಪಿಡಿ ಅಣ್ಣನ ಜತೆ ಸೇರಿ ಸಿದ್ಧಪಡಿಸಿದ್ದು ಅವರೇ. ಓಲೇವ್ ಸಸೆಕ್ಸ್‌ನಲ್ಲಿ ಕೆಲಸ ಶುರು ಮಾಡುವ ಹೊತ್ತಿಗೆ ಕ್ಯಾಪ್ಟನ್‌ಗಳ ಕೈಯಲ್ಲಿದ್ದದ್ದು ಅದೇ ಪುಸ್ತಕ.