ಮಳೆಯ ಕಾಲಂನಲ್ಲಿದ್ದ ಎರಡು ಅಕ್ಷರ

ಇಂಗ್ಲೆಂಡಿನಲ್ಲಿ ಎ-ಲೆವೆಲ್, ಅಂದರೆ ನಮ್ಮ ಪಿಯುಸಿ ಮಟ್ಟದ, ಮಕ್ಕಳಿಗೆ ಗಣಿತ ಪಾಠ ಮಾಡುವುದು ನನ್ನ ಕೆಲಸ. ಸಂಖ್ಯಾಶಾಸ್ತ್ರದ ಒಂದು ಅಭ್ಯಾಸದ ಹಾಳೆಯಲ್ಲಿ ನಾನು ತಪ್ಪು ಉತ್ತರ ಅಚ್ಚು ಹಾಕಿ ಹಂಚಿದ್ದೆ. ಆ ತಪ್ಪಿನಿಂದಾಗಿ ಈ ವಿಷಯವನ್ನು ಕಲಿಸುವ ರೀತಿಯನ್ನೇ ಬದಲಿಸಬೇಕಾಯಿತು.

ನಮ್ಮ ಮಕ್ಕಳು ಬರೆಯುವುದು ಎಡೆಕ್ಸೆಲ್ ಎಂಬ ಪರೀಕ್ಷಾ ಮಂಡಳಿಯ ಪರೀಕ್ಷೆ. ಅದಕ್ಕೊಂದು ದೊಡ್ಡ ದತ್ತಾಂಶದ ಕಡತ ಇದೆ, ಎಲ್ಲರೂ ಅದನ್ನು ಎಲ್‌ಡಿಎಸ್ (ಲಾರ್ಜ್ ಡೇಟಾ ಸೆಟ್) ಅಂತಲೇ ಕರೆಯುತ್ತಾರೆ. ಪೂರ್ತಿ ಹವಾಮಾನದ್ದು, ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸ್‌ನಿಂದ ಬಂದದ್ದು. ಬ್ರಿಟನ್ನಿನ ಐದು ಕೇಂದ್ರಗಳಿವೆ: ಕ್ಯಾಂಬೋರ್ನ್, ಹರ್ನ್, ಹೀಥ್ರೂ, ಲೀಮಿಂಗ್, ಲೂಕರ್ಸ್. ಹೊರದೇಶದ್ದು ಮೂರು: ಬೀಜಿಂಗ್, ಜಾಕ್ಸನ್‌ವಿಲ್, ಪರ್ತ್. 1987 ಮತ್ತು 2015, ಎರಡೂ ವರ್ಷ ಮೇಯಿಂದ ಅಕ್ಟೋಬರ್‌ವರೆಗಿನ 184 ದಿನಗಳು. ಕಡತವನ್ನು ಮಕ್ಕಳು ಮೊದಲೇ ನೋಡಿಕೊಂಡು ಬರಬೇಕು. ಪರೀಕ್ಷೆಯಲ್ಲಿ ಅದರ ತುಣುಕೊಂದನ್ನು ಮುಂದಿಟ್ಟು ಪ್ರಶ್ನೆ ಕೇಳುತ್ತಾರೆ.

ಅದರ ಮಳೆಯ ಕಾಲಂನಲ್ಲಿ ಸಂಖ್ಯೆಗಳ ನಡುವೆ ಅಲ್ಲಲ್ಲಿ 'ಟಿಆರ್' ಎಂಬ ಎರಡು ಅಕ್ಷರ ಸಿಗುತ್ತವೆ. ಟ್ರೇಸ್ ಅನ್ನುವುದರ ಸಂಕ್ಷಿಪ್ತ ರೂಪ. ಮಳೆ ಬಿದ್ದಿದೆ, ಆದರೆ 0.05 ಮಿಲಿಮೀಟರಿಗಿಂತ ಕಡಿಮೆ ಎಂದು ಅರ್ಥ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹಾಳೆ ತಯಾರಿಸುವ ಆತುರದಲ್ಲಿ ಎಕ್ಸೆಲ್‌ನಲ್ಲಿ ಕಾಲಂ ಆಯ್ದು, ಆವರೇಜ್ ಸೂತ್ರ ಹಾಕಿ, ಬಂದ ಉತ್ತರವನ್ನು ಹಾಗೇ ಬರೆದುಬಿಟ್ಟೆ.

ಮರುದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಮಿಸ್, ನನ್ನ ಉತ್ತರ ನಿಮ್ಮದಕ್ಕಿಂತ ತುಂಬ ಕಡಿಮೆ ಬರ್ತಿದೆ. ಮೂರು ಸಲ ಮಾಡಿ ನೋಡಿದೆ."

ಅವಳದೇ ಸರಿ. ಏನಾಗಿತ್ತೆಂದು ತೋರಿಸಲು, ಕಡತದಿಂದಲ್ಲ, ಲೆಕ್ಕಕ್ಕೆ ಹಗುರವಾಗಲೆಂದು ನಾನೇ ಕಟ್ಟಿದ ಹತ್ತು ದಿನಗಳನ್ನು ನೋಡಿ. ಮೂರು ದಿನ 0, ಮೂರು ದಿನ ಟಿಆರ್, ಉಳಿದ ನಾಲ್ಕು ದಿನ 0.6, 1.4, 3.2, 6.8. ಒಟ್ಟು 12 ಮಿಲಿಮೀಟರ್. ಹತ್ತು ದಿನಕ್ಕೆ ಹಂಚಿದರೆ ಸರಾಸರಿ 1.2. ಎಕ್ಸೆಲ್ ಹಾಗೆ ಮಾಡುವುದಿಲ್ಲ. ಅಕ್ಷರ ಇರುವ ಕೋಶವನ್ನು ಆವರೇಜ್ ಸೂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 12ನ್ನು 7ರಿಂದ ಭಾಗಿಸಿ 1.71 ಎನ್ನುತ್ತದೆ. ತಪ್ಪಾಗಿದೆ ಎಂಬ ಸೂಚನೆಯೂ ಪರದೆಯ ಮೇಲೆ ಬರುವುದಿಲ್ಲ. ಇನ್ನು ಮಧ್ಯಾಂಕ, ಅಂದರೆ ನಟ್ಟನಡುವಿನ ಬೆಲೆ. ಹತ್ತನ್ನೂ ಏರಿಕೆ ಕ್ರಮದಲ್ಲಿ ಇಟ್ಟರೆ ಐದನೆಯದೂ ಆರನೆಯದೂ ಟಿಆರ್. ಅಂದರೆ ಮಧ್ಯಾಂಕ 0.05ಕ್ಕಿಂತ ಕಡಿಮೆ. ಟಿಆರ್ ಬಿಟ್ಟು ಏಳನ್ನೇ ಹಿಡಿದರೆ ಅದು 0.6 ಆಗುತ್ತದೆ.

ಟಿಆರ್‌ಗೆ ಸೊನ್ನೆ ಹಾಕಬೇಕೋ, 0.025 ಹಾಕಬೇಕೋ ಎಂದು ಮಕ್ಕಳು ಅವತ್ತು ಜೋರಾಗಿಯೇ ಚರ್ಚೆ ಮಾಡಿದರು. ಸೊನ್ನೆಗೆ 1.2, 0.025ಕ್ಕೆ 1.2075. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ನಿಜವಾದ ಹಾನಿ ಆ ದಿನಗಳನ್ನೇ ಕೈಬಿಟ್ಟದ್ದರಿಂದ ಆದದ್ದು. ಆದರೆ ಪ್ರಶ್ನೆ 'ಎಷ್ಟು ದಿನ ಮಳೆ ಬಂತು' ಎಂದಾದರೆ ಕಥೆ ಬೇರೆ. ಸೊನ್ನೆ ಹಾಕಿದವರಿಗೆ ನಾಲ್ಕು ದಿನ, ಟಿಆರ್ ಎಂದರೇನೆಂದು ಬಲ್ಲವರಿಗೆ ಏಳು ದಿನ. ಯಾವ ಬೆಲೆ ತುಂಬಬೇಕು ಎಂಬುದನ್ನು ಪ್ರಶ್ನೆ ಓದಿದ ಮೇಲೆ ತೀರ್ಮಾನಿಸಬೇಕು, ಮೊದಲೇ ಅಲ್ಲ.

ಆ ಹುಡುಗಿ ಸೂತ್ರ ಬಳಸಿರಲಿಲ್ಲ. ಒಂದೊಂದೇ ಸಾಲು ಓದಿ ಕೂಡಿದ್ದಳು, ಅದಕ್ಕೇ ಟಿಆರ್ ಅವಳ ಕಣ್ಣಿಗೆ ಬಿತ್ತು. ನಾನು ಕಾಲಂ ಆಯ್ದಿದ್ದೆ, ಓದಿರಲಿಲ್ಲ.

ಅಲ್ಲಿಂದ ಮುಂದೆ ಕಡತವನ್ನು ನಾನೂ ಹೊಸದಾಗಿ ಓದತೊಡಗಿದೆ. ಗಾಳಿಯ ದಿಕ್ಕು ಡಿಗ್ರಿಯಲ್ಲಿದೆ. ಒಂದು ದಿನ 350, ಮರುದಿನ 10. ಎರಡು ದಿನವೂ ಗಾಳಿ ಹೆಚ್ಚುಕಡಿಮೆ ಉತ್ತರದಿಂದಲೇ ಬೀಸಿದೆ. ಸರಾಸರಿ ತೆಗೆದರೆ 180, ನೇರ ದಕ್ಷಿಣ! ಇದನ್ನು ಬೋರ್ಡಿನ ಮೇಲೆ ಬರೆದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಆಮೇಲೆ ಯಾರಾದರೂ ಒಬ್ಬರು ವೃತ್ತ ಬರೆಯತೊಡಗುತ್ತಾರೆ. ನನಗೆ ಬಹಳ ಇಷ್ಟದ ಗಳಿಗೆ ಅದು.

ಮೋಡದ ಕಾಲಂ ಓಕ್ಟಾದಲ್ಲಿದೆ, ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮುಚ್ಚಿದೆ ಎಂಬ ಲೆಕ್ಕ. ಅದಕ್ಕೆ ಗಂಟೆಯಾಕಾರದ ಪ್ರಸಾಮಾನ್ಯ ವಿತರಣೆ (ನಾರ್ಮಲ್) ಹೊಂದುವುದಿಲ್ಲ. ಪೂರ್ಣಾಂಕಗಳಷ್ಟೇ ಇವೆ, ಮೇಲೆ ಗಡಿಯೂ ಇದೆ. ಹೊರದೇಶದ ಮೂರು ಕೇಂದ್ರಗಳಿಗೆ ಈ ಕಾಲಮ್ಮೇ ಇಲ್ಲ, ಅಲ್ಲಿ ತಾಪಮಾನ, ಮಳೆ, ಒತ್ತಡ, ಗಾಳಿಯ ವೇಗ ಮಾತ್ರ.

ಪರ್ತ್‌ನಲ್ಲಿ ಪ್ರತಿ ವರ್ಷವೂ ಒಂದಿಬ್ಬರು ಎಡವುತ್ತಾರೆ. ಜುಲೈ ತಿಂಗಳ ತಾಪಮಾನ ಕಡಿಮೆ ಇರುವುದನ್ನು ನೋಡಿ 'ದತ್ತಾಂಶ ತಪ್ಪಿರಬಹುದು' ಎಂದು ಬರೆದುಬಿಡುತ್ತಾರೆ. ದಕ್ಷಿಣಾರ್ಧಗೋಳದಲ್ಲಿ ಅದು ಚಳಿಗಾಲ, ಪರ್ತ್‌ಗೆ ಮಳೆಗಾಲವೂ ಅದೇ. ಭೂಗೋಳ ಗೊತ್ತಿದ್ದವರಿಗೆ ಈ ಅಂಕ ಸಲೀಸಾಗಿ ಸಿಗುತ್ತದೆ.

1987ರ ಅಕ್ಟೋಬರ್‌ಗೆ ಮಾತ್ರ ನಾನು ಒಂದು ಪೂರ್ತಿ ಪೀರಿಯಡ್ ಕೊಡುತ್ತೇನೆ. ಔಟ್‌ಲೈಯರ್ (ಉಳಿದವುಗಳಿಂದ ತೀರಾ ದೂರ ಬಿದ್ದ ಅಂಕಿ) ಕಂಡರೆ ಕಿತ್ತು ಹಾಕುವುದು ಮಕ್ಕಳಿಗೆ ಅಭ್ಯಾಸವಾಗಿದೆ. ಚತುರ್ಥಕಗಳಿಂದ (ನಡುವಿನ ಅರ್ಧದಷ್ಟು ಅಂಕಿಗಳ ಎರಡು ಅಂಚುಗಳಿಂದ) ಅವುಗಳ ಅಂತರದ ಒಂದೂವರೆ ಪಟ್ಟಿನಾಚೆ ಬಿದ್ದರೆ ತೆಗೆದುಬಿಡುವುದು ಎಂದೇ ತಿಳಿದಿರುತ್ತಾರೆ. ಆ ತಿಂಗಳ 15ರ ರಾತ್ರಿಯಿಂದ 16ರ ಬೆಳಗಿನ ತನಕ ದಕ್ಷಿಣ ಇಂಗ್ಲೆಂಡಿಗೆ ಅಪ್ಪಳಿಸಿದ್ದು ಗ್ರೇಟ್ ಸ್ಟಾರ್ಮ್. ಬ್ರಿಟನ್ನಿನಲ್ಲಿ 18 ಜನ ಸತ್ತರು, ಸುಮಾರು ಒಂದೂವರೆ ಕೋಟಿ ಮರಗಳು ಉರುಳಿದವು. ನನ್ನ ತರಗತಿಯ ಮಕ್ಕಳು ಆಗ ಹುಟ್ಟಿರಲಿಲ್ಲ. ಅವರಿಗೆ ಅದು ಗ್ರಾಫಿನಲ್ಲಿ, ಆ ನಡುವಿನ ಅರ್ಧವನ್ನು ತೋರಿಸುವ ಪೆಟ್ಟಿಗೆಯಿಂದ ದೂರ ಉಳಿದ ಒಂದು ಚುಕ್ಕೆ. ಆ ರಾತ್ರಿಯ ಸುದ್ದಿ ಓದಿಸಿದ ಮೇಲೆ, ಬಿರುಗಾಳಿಯ ದಿನ ಗಾಳಿಯ ಅಂಕಿ ದೊಡ್ಡದಿದ್ದರೆ ಅದು ಅಳತೆಯ ದೋಷವೇ ಎಂದು ಕೇಳುತ್ತೇನೆ. ಉಪಕರಣ ಕೆಟ್ಟು ಬಂದ ಅಂಕಿಯನ್ನು ತೆಗೆಯಬಹುದು. ನಿಜವಾಗಿ ಬೀಸಿದ ಗಾಳಿಯನ್ನು ತೆಗೆಯಲು ನಮಗೆ ಯಾವ ಅಧಿಕಾರವೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ, ಅದು ಜಾಣ ಮಕ್ಕಳದ್ದು. 1987ನ್ನೂ 2015ನ್ನೂ ಹೋಲಿಸಿ 'ಹವಾಮಾನ ಬದಲಾವಣೆ ಸಾಬೀತಾಯಿತು' ಎಂದು ಬರೆಯುತ್ತಾರೆ. ಹವಾಮಾನ ಬದಲಾಗುತ್ತಿರುವುದು ನಿಜ. ಆದರೆ ಎರಡು ವರ್ಷಗಳ ಅರ್ಧರ್ಧ ಭಾಗ ಅದಕ್ಕೆ ಪುರಾವೆಯಾಗದು. ಹವಾಮಾನ ಶಾಸ್ತ್ರದವರು ಒಂದು ಊರಿನ ಹವಾಮಾನ ಇಂಥದ್ದು ಎಂದು ಹೇಳಲು 30 ವರ್ಷದ ಸರಾಸರಿ ಹಿಡಿಯುತ್ತಾರೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರದ್ದು.

ಉತ್ತರ ಬರೆಯುವ ಭಾಷೆಯ ಬಗ್ಗೆ ಒಂದು ಮಾತು, ಏಕೆಂದರೆ ಅಂಕ ಹೆಚ್ಚು ಸೋರುವುದು ಅಲ್ಲೇ. ಮಳೆಗೂ ಒತ್ತಡಕ್ಕೂ ಸಂಬಂಧ ಇದೆಯೇ ಎಂದು ಪರೀಕ್ಷಿಸುವಾಗ 'ಸಂಬಂಧ ಇಲ್ಲ' ಎಂಬ ಊಹೆಯಿಂದ ಹೊರಡುತ್ತೇವೆ, ಅದೇ ಶೂನ್ಯ ಪ್ರಾಕ್ಕಲ್ಪನೆ. ಲೆಕ್ಕ ಸರಿಯಾಗಿ ಮಾಡಿ ಕೊನೆಗೆ 'ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗಿದೆ' ಎಂದು ನಿಲ್ಲಿಸಿದರೆ ಉತ್ತರ ಅರ್ಧಕ್ಕೇ ನಿಂತ ಹಾಗೆ. ಒತ್ತಡ ಏರಿದ ದಿನಗಳಲ್ಲಿ ಮಳೆ ಕಡಿಮೆ ಬೀಳುತ್ತದೆ ಎನ್ನಲು ಆಧಾರ ಸಿಕ್ಕಿದೆ ಎಂದು ಮಳೆ, ಒತ್ತಡದ ಹೆಸರು ಹಿಡಿದೇ ಹೇಳಬೇಕು.

ಈಗ ಈ ಪಾಠದ ಮೊದಲ ದಿನ ಕ್ಯಾಲ್ಕುಲೇಟರ್ ಹೊರಗೆ ತೆಗೆಯುವಂತಿಲ್ಲ. ಒಬ್ಬೊಬ್ಬರಿಗೆ ಕಡತದ ಒಂದೇ ಒಂದು ಸಾಲು ಕತ್ತರಿಸಿ ಕೊಡುತ್ತೇನೆ, ಆ ದಿನ ಹೇಗಿತ್ತು ಎಂದು ಹೇಳಬೇಕು. ಈ ವರ್ಷ ಒಬ್ಬ ಹುಡುಗ ಗರಿಷ್ಠ ಆರ್ದ್ರತೆ 100, ಗೋಚರತೆ 900 ಎಂದು ಓದಿ, "ದಿನವಿಡೀ ಮಂಜು, ಒಂದು ಕಿಲೋಮೀಟರ್ ಕೂಡ ಕಾಣ್ತಿರಲಿಲ್ಲ" ಎಂದ. ಪಕ್ಕದವನು ಕಾಲಂನ ತಲೆಬರಹಕ್ಕೆ ಬೆರಳಿಟ್ಟು ತೋರಿಸಿದ. ಗೋಚರತೆಯ ಮಾನ ಮೀಟರ್ ಅಲ್ಲ, ಡೆಕಾಮೀಟರ್ (ಹತ್ತು ಮೀಟರ್), ಹಾಗಾಗಿ ಅದು 9 ಕಿಲೋಮೀಟರ್. ಹಾಗಾದರೆ ಆರ್ದ್ರತೆ 100 ಹೇಗೆ ಎಂದು ಇಬ್ಬರೂ ವಾದಕ್ಕೆ ಕೂತರು. ಒಂದು ಗರಿಷ್ಠ, ಇನ್ನೊಂದು ಇಡೀ ದಿನದ ಸರಾಸರಿ ಎಂಬುದು ಹೊಳೆಯಲು ಹತ್ತು ನಿಮಿಷ ಹಿಡಿಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಆ ಹುಡುಗ ತನ್ನ ಚೀಟಿಯ ಹಿಂದೆ ಬರೆದುಕೊಟ್ಟದ್ದು: "ಬೆಳಗಿನ ಜಾವ ಮಂಜು ಇದ್ದಿರಬಹುದು. ಆಮೇಲೆ ತಿಳಿಯಾಗಿದೆ."